ಸ್ಕ್ರೀನ್ ಸತ್ತ ಫೋನಿನೊಳಗೆ ಉಳಿದ ಬೀಗದ ಕೈ: ನನ್ನ ಹನ್ನೊಂದು ದಿನ

ಫೋನ್ ಬಿದ್ದಿದ್ದು ಭಾನುವಾರ ಸಂಜೆ. ಮೇಜಿನ ಎತ್ತರದಿಂದ, ಅಷ್ಟೇ. ಗಾಜು ಒಡೆದಿರಲಿಲ್ಲ, ಒಂದು ಗೀರೂ ಇರಲಿಲ್ಲ, ಸದ್ಯ ಬಚಾವಾಯ್ತು ಅಂದುಕೊಂಡೆ. ಪಕ್ಕದ ಗುಂಡಿ ಒತ್ತಿದೆ. ಕಪ್ಪು. ಮತ್ತೆ ಒತ್ತಿದೆ. ಕಪ್ಪೇ. ಅಷ್ಟರಲ್ಲಿ ಕೈಯಲ್ಲೇ ಗುರ್ ಅಂತ ಅಲುಗಿತು, ಯಾರದೋ ಮೆಸೇಜ್ ಬಂದಿತ್ತು. ಅಂದರೆ ಫೋನಿಗೆ ಜೀವ ಇದೆ, ಮುಖ ಮಾತ್ರ ಹೋಗಿದೆ. ಮುಟ್ಟಿದರೂ ಏನೂ ಆಗುತ್ತಿಲ್ಲ.

ಇಲ್ಲೇ ನನ್ನ ಮೊದಲ ತಪ್ಪು. ಗಾಬರಿಯಲ್ಲಿ ಗುಂಡಿ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿಬಿಟ್ಟೆ. ನೀವು ಹಾಗೆ ಮಾಡಬೇಡಿ. ಆನ್ ಆದ ಮೇಲೆ ಒಮ್ಮೆ ಪಿನ್ ಹಾಕಿದ ಫೋನು ಬೆರಳಚ್ಚನ್ನು ಒಪ್ಪುತ್ತದೆ, ಬೆರಳಿಡುವ ಜಾಗ ಸ್ಕ್ರೀನಿನೊಳಗೆ ಇರದ ಫೋನಾದರೆ, ಬೆರಳಿಟ್ಟರೆ ಸ್ಕ್ರೀನ್ ಕಾಣದಿದ್ದರೂ ಒಳಗೆ ಬೀಗ ತೆರೆಯುತ್ತದೆ. ರೀಸ್ಟಾರ್ಟ್ ಆದ ಮೇಲೆ ಮತ್ತೆ ಪಿನ್ ಹಾಕುವ ತನಕ ಬೆರಳಿಗೆ ಬೆಲೆಯಿಲ್ಲ. ಮುಟ್ಟಿದರೆ ಸ್ಪಂದಿಸದ ಸ್ಕ್ರೀನಿನ ಮೇಲೆ ಪಿನ್ ಹಾಕೋದು ಹೇಗೆ?

ಆದರೂ ಅವತ್ತು ರಾತ್ರಿ ನಾನು ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಹಳೇ ಫೋನ್ ಒಂದಿತ್ತು, ಅದಕ್ಕೆ ಸಿಮ್ ಹಾಕಿದರೆ ಆಯ್ತು ಅಂತ ಸೂಜಿ ತಗೊಂಡು ಸಿಮ್ ಟ್ರೇ ತೆಗೆಯಲು ಹೋದೆ. ಟ್ರೇ ಖಾಲಿ! ಕೆಲವೇ ತಿಂಗಳ ಹಿಂದೆ ನಾನೇ ಖುಷಿಯಿಂದ ಇ-ಸಿಮ್‌ಗೆ ಬದಲಾಯಿಸಿಕೊಂಡಿದ್ದೆ. ಪ್ಲಾಸ್ಟಿಕ್ ಚೂರೇ ಇಲ್ಲ, ಎಲ್ಲ ಫೋನಿನೊಳಗೇ. ನನ್ನ ನಂಬರು ಆ ಕಪ್ಪು ಗಾಜಿನ ಹಿಂದೆ ಕೂತಿತ್ತು.

ಸರಿ, ಮೇಲ್ ತೆರೆಯೋಣ ಅಂತ ಲ್ಯಾಪ್‌ಟಾಪ್ ಮುಂದೆ ಕೂತೆ. ಲ್ಯಾಪ್‌ಟಾಪನ್ನು ಹಿಂದಿನ ವಾರವಷ್ಟೇ ಫಾರ್ಮ್ಯಾಟ್ ಮಾಡಿದ್ದೆ, ಹಾಗಾಗಿ ಎಲ್ಲೂ ಲಾಗಿನ್ ಉಳಿದಿರಲಿಲ್ಲ. ಪಾಸ್‌ವರ್ಡ್ ನೆನಪಿತ್ತು, ಹಾಕಿದೆ, ಒಪ್ಪಿತು. ಆಮೇಲೆ ಕೇಳಿತು: ಅಥೆಂಟಿಕೇಟರ್ ಆ್ಯಪ್‌ನಲ್ಲಿರುವ 6 ಅಂಕಿಯ ಕೋಡ್ ಹಾಕಿ. ಪಾಸ್‌ವರ್ಡ್ ಆದ ಮೇಲೆ ಕೇಳುವ ಕೋಡನ್ನು ಹುಟ್ಟಿಸಿಕೊಡುವ ಆ ಆ್ಯಪ್ ಎಲ್ಲಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಎಸ್‌ಎಂಎಸ್‌ನಲ್ಲಿ ಕೋಡ್ ಬರುವ ವ್ಯವಸ್ಥೆಯನ್ನು ನಾನೇ ತೆಗೆದುಹಾಕಿದ್ದೆ. ಸಿಮ್ ಕದ್ದು ಖಾತೆ ದೋಚುತ್ತಾರೆ, ಎಸ್‌ಎಂಎಸ್ ನಂಬಬೇಡಿ ಅಂತ ಎಲ್ಲೋ ಓದಿದ್ದೆ. ಮಾತು ಸುಳ್ಳಲ್ಲ. ಆದರೆ ಅದನ್ನು ತೆಗೆಯುವ ಮೊದಲು ಬದಲಿ ದಾರಿ ಮಾಡಿಟ್ಟುಕೋ ಅನ್ನೋದನ್ನು ನಾನು ಓದಿರಲಿಲ್ಲ, ಅಥವಾ ಓದಿ ದಾಟಿದ್ದೆ.

ಬ್ಯಾಕಪ್ ಕೋಡ್‌ಗಳು ಅಂತ ಕೊಡುತ್ತಾರೆ, ಆ ಆ್ಯಪ್ ಕೈಗೆ ಸಿಗದಿದ್ದಾಗ ಬಳಸೋಕೆ, ನೆನಪಿದೆಯಾ? ಗೂಗಲ್‌ನಲ್ಲಾದರೆ 8 ಅಂಕಿಯ 10 ಕೋಡ್‌ಗಳು, ಒಂದೊಂದನ್ನೂ ಒಂದೇ ಸಲ ಬಳಸಬಹುದು. ನನ್ನ ಮೇಲ್ ಸೇವೆಯೂ ಅಂಥದ್ದೇ ಪಟ್ಟಿ ಕೊಟ್ಟಿತ್ತು. ನಾನು ಅದರ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೆ. ಎಲ್ಲಿ? ಅದೇ ಫೋನಿನಲ್ಲಿ.

ಮರುದಿನ ಬೆಳಿಗ್ಗೆ 6 ಗಂಟೆಗೆ ಅಲಾರಂ ಹೊಡೆಯಿತು. ಪಿನ್ ಹಾಕದಿದ್ದರೂ ಅಲಾರಂ ಮಾತ್ರ ತಪ್ಪದೇ ಹೊಡೆಯುವಂತೆ ಆಂಡ್ರಾಯ್ಡ್‌ನಲ್ಲಿ ವ್ಯವಸ್ಥೆ ಇದೆಯಂತೆ. ವಾಲ್ಯೂಮ್ ಗುಂಡಿ ಒತ್ತಿದರೆ ಸುಮ್ಮನಾಗುತ್ತಿತ್ತು, ಹತ್ತು ನಿಮಿಷಕ್ಕೆ ಮತ್ತೆ ಶುರು. ಫೋನ್ ಮನೆಯಲ್ಲಿದ್ದ ಅಷ್ಟೂ ದಿನ ಹೀಗೇ ಆಯಿತು. ಕಾಲ್‌ಗಳೂ ಬರುತ್ತಿದ್ದವು, ರಿಂಗಾಗುತ್ತಿತ್ತು, ಎತ್ತಲು ಆಗುತ್ತಿರಲಿಲ್ಲ. ಒಂದು ಕಡೆ ಒಟಿಪಿ ಕೇಳಿದಾಗ ಕಳಿಸಿ ಅಂತ ಒತ್ತಿದೆ, ಎರಡು ಸೆಕೆಂಡಿಗೆ ಪಕ್ಕದಲ್ಲಿದ್ದ ಫೋನ್ ಬುರ್ ಅಂದಿತು. ಒಟಿಪಿ ಬಂದಿದೆ, ಒಂದು ಗೇಣು ದೂರದಲ್ಲಿದೆ, ಓದಲಾರೆ. ಆ ಹೊತ್ತಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಸೋಮವಾರ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದೆ. ಟೋಕನ್, ಎರಡೂಕಾಲು ಗಂಟೆ ಕಾಯುವಿಕೆ. ಕೌಂಟರಿನಲ್ಲಿದ್ದವರು ಚೆನ್ನಾಗಿಯೇ ಮಾತಾಡಿದರು. ಡಿಸ್‌ಪ್ಲೇ ಬದಲಿಸಬೇಕು, ಖರ್ಚು ಫೋನಿನ ಬೆಲೆಯ ಸುಮಾರು ಮೂರನೇ ಒಂದು ಭಾಗ, ಬಿದ್ದು ಹಾಳಾಗಿರುವುದರಿಂದ ವಾರಂಟಿ ಇಲ್ಲ. ಅಲ್ಲಿಗೆ ಒಪ್ಪಿದೆ. ಆಮೇಲೆ ಒಂದು ಫಾರಂ ಮುಂದಿಟ್ಟರು: ರಿಪೇರಿ ವೇಳೆ ಡೇಟಾ ಅಳಿಸಿಹೋಗಬಹುದು, ಅದಕ್ಕೆ ನಾವು ಹೊಣೆಯಲ್ಲ, ಸಹಿ ಹಾಕಿ. ‘ಅಳಿಸಬಹುದಾ, ಅಳಿಸುತ್ತೀರಾ?’ ಅಂತ ಕೇಳಿದೆ. ಫೋನ್ ಇನ್ನೊಂದು ಕಡೆಗೆ ಹೋಗುತ್ತೆ, ಅಲ್ಲಿ ಸಾಮಾನ್ಯವಾಗಿ ರೀಸೆಟ್ ಮಾಡಿಯೇ ಪರೀಕ್ಷೆ ಮಾಡ್ತಾರೆ ಅಂದರು. ಜೊತೆಗೆ ಖರೀದಿಯ ಬಿಲ್ ಬೇಕು ಅಂದರು. ಬಿಲ್ ಮೇಲ್‌ನಲ್ಲಿದೆ. ಮೇಲ್‌ಗೆ ಕೋಡ್ ಬೇಕು. ಕೋಡ್ ಫೋನಿನಲ್ಲಿದೆ. ಸಹಿ ಹಾಕದೆ ವಾಪಸ್ ಬಂದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಿಪ್ ಕಿತ್ತು ಡೇಟಾ ತೆಗೆದುಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಫೋನುಗಳಲ್ಲಿ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆಯೇ, ಇರಬೇಕು ಅಂತ ನಿಯಮ. ಅದನ್ನು ಬಿಡಿಸುವ ಕೀಲಿ ನಿಮ್ಮ ಪಿನ್‌ಗೂ ಆ ಫೋನಿನದೇ ಹಾರ್ಡ್‌ವೇರ್‌ಗೂ ಗಂಟು ಹಾಕಿಕೊಂಡಿರುತ್ತದೆ. ಚಿಪ್ ಬೇರೆ ಮಾಡಿ ಓದಿದರೆ ಸಿಗೋದು ಕಸ. ಬೋರ್ಡು ಬದಲಿಸಿದರೂ ಅಷ್ಟೇ, ಡೇಟಾ ಹೋಯಿತು ಅಂತಲೇ ಲೆಕ್ಕ. ಕಳ್ಳರಿಂದ ನಮ್ಮನ್ನು ಕಾಯುವ ಬೀಗ ಇದು. ಆ ವಾರ ನಾನೂ ಅದರ ಮುಂದೆ ಕಳ್ಳನ ಹಾಗೇ ನಿಂತಿದ್ದೆ.

ಮಂಗಳವಾರ ಸಿಮ್ ಕೆಲಸ. ಸಿಮ್ ಕಂಪನಿಯ ಅಂಗಡಿಗೆ ಹೋದೆ. ಫೋನ್ ಹಾಳಾಗಿದೆ, ಇ-ಸಿಮ್ ಬೇರೆ ಫೋನಿಗೆ ಬೇಕು ಅಂದೆ. ಹೊಸ ಕ್ಯೂಆರ್ ಕೋಡ್ ನಿಮ್ಮ ನೋಂದಾಯಿತ ಮೇಲ್‌ಗೆ ಕಳಿಸ್ತೀವಿ ಅಂದರು. ನಾನು ಸುಮ್ನೆ ಅವರ ಮುಖ ನೋಡಿದೆ. ಮೇಲ್ ವಿಳಾಸ ಬದಲಿಸಿ ಅಂದರೆ, ಅದಕ್ಕೆ ಹಳೇ ನಂಬರಿಗೆ ಬರುವ ಒಟಿಪಿ ಹೇಳಬೇಕಂತೆ. ಒಟಿಪಿ ಬಂತು ಕೂಡ, ಜೇಬಿನಲ್ಲಿದ್ದ ಫೋನು ಅಲುಗಿತು. ಕೊನೆಗೆ ಪಕ್ಕದ ಕೌಂಟರಿನ ಹುಡುಗಿ, ‘ಇವರಿಗೆ ಪ್ಲಾಸ್ಟಿಕ್ ಸಿಮ್ಮೇ ಕೊಟ್ಬಿಡಿ, ಗುರುತಿನ ಚೀಟಿ ಸಾಕು’ ಅಂದಳು. ಮೂಲ ಗುರುತಿನ ಚೀಟಿ, ಸ್ಥಳದಲ್ಲೇ ತೆಗೆದ ಫೋಟೊ, ಎರಡು ಸಹಿ. ಇಷ್ಟು ಸುಲಭ ಇದ್ದಿದ್ದನ್ನು ಮೊದಲೇ ಯಾಕೆ ಹೇಳಲಿಲ್ಲವೋ. ನಿಮಗೂ ಇಂಥ ಪರಿಸ್ಥಿತಿ ಬಂದರೆ ಇ-ಸಿಮ್ ಮಾತೇ ಎತ್ತಬೇಡಿ, ನೇರವಾಗಿ ಪ್ಲಾಸ್ಟಿಕ್ ಸಿಮ್ ಕೇಳಿ. ಮೂಲ ಗುರುತಿನ ಚೀಟಿ ಕೈಯಲ್ಲಿರಲಿ, ನನ್ನದು ಜೆರಾಕ್ಸ್ ಅಂತ ಒಮ್ಮೆ ಮನೆಗೆ ಓಡಿಸಿದರು.

ಸಂಜೆಗೆ ಹಳೇ ಫೋನಿನಲ್ಲಿ ನಂಬರು ಜೀವ ಪಡೆಯಿತು. ಕೈ ತಕ್ಷಣ ವಾಟ್ಸ್ಆ್ಯಪ್ ಕಡೆ ಹೋಯಿತು, ತಡೆದೆ. ಅದನ್ನು ಯಾಕೆ ತಡೆಯಬೇಕು ಅಂದರೆ, ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ. ಖಾತೆಗೆ ಲಾಗಿನ್ ಆಗದೆ ವಾಟ್ಸ್ಆ್ಯಪ್ ಶುರು ಮಾಡಿ ಹಳೇದು ಬೇಡ ಅಂತ ದಾಟಿಸಿಬಿಟ್ಟರೆ, ಮುಂದೆ ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂರುವ ಅಪಾಯ ಇದೆ. ಮೊದಲು ಖಾತೆ, ಆಮೇಲೆ ಚಾಟ್. ನಾಲ್ಕೈದು ದಿನ ವಾಟ್ಸ್ಆ್ಯಪ್ ಇಲ್ಲದೆ ಇದ್ದೆ. ಏನೂ ಆಗಲಿಲ್ಲ, ಬೇಜಾರಾಗಿದ್ದೇ ಅದಕ್ಕೆ.

ನಂಬರು ಸಿಕ್ಕಿತಲ್ಲ, ಇನ್ನು ಮೇಲ್ ಖಾತೆ ಸುಲಭ ಅಂದುಕೊಂಡೆ. ‘ಬೇರೆ ವಿಧಾನ ಪ್ರಯತ್ನಿಸಿ’ ಅನ್ನೋದನ್ನು ಒತ್ತಿದೆ. ಖಾತೆ ಮರಳಿ ಪಡೆಯಲಿಕ್ಕೆ ಮಾತ್ರ ಉಳಿದಿದ್ದ ನನ್ನ ನಂಬರಿಗೆ ಕರೆಯಲ್ಲಿ ಕೋಡ್ ಬಂತು, ಹಾಕಿದೆ. ಸಂಪರ್ಕಕ್ಕೆ ಇನ್ನೊಂದು ಮೇಲ್ ವಿಳಾಸ ಕೇಳಿತು, ಎಂದೋ ಮಾಡಿಟ್ಟು ಮರೆತಿದ್ದ ಒಂದನ್ನು ಕೊಟ್ಟೆ. ಕೊನೆಗೆ ಬಂದ ಉತ್ತರ: ನಿಮ್ಮ ಮನವಿ ಪರಿಶೀಲನೆಯಲ್ಲಿದೆ, ಕೆಲವು ದಿನ ಬೇಕಾಗಬಹುದು. ಎಷ್ಟು ದಿನ? ಹೇಳುವುದಿಲ್ಲ. ಯಾರನ್ನು ಕೇಳಬೇಕು? ಯಾರೂ ಇಲ್ಲ. ಪುಕ್ಕಟೆ ಖಾತೆಗೆ ಫೋನ್ ಎತ್ತುವ ಮನುಷ್ಯರು ಇರುವುದಿಲ್ಲ, ಅದು ಅವತ್ತೇ ನನಗೆ ಸರಿಯಾಗಿ ತಲೆಗೆ ಹೋಗಿದ್ದು.

ಬುಧವಾರ ತಾಳ್ಮೆ ಕೆಟ್ಟು ಆಫೀಸಿನಿಂದ ಮತ್ತೆರಡು ಸಲ ಪ್ರಯತ್ನಿಸಿದೆ. ಅದು ಎರಡನೇ ತಪ್ಪು. ಇಂಥ ವ್ಯವಸ್ಥೆಗಳು ನೀವು ಮಾಮೂಲಾಗಿ ಬಳಸುವ ಸಾಧನ, ಮಾಮೂಲಿ ವೈಫೈ, ಮಾಮೂಲಿ ಜಾಗ ಇವನ್ನೆಲ್ಲ ನೋಡುತ್ತವೆ. ಹೊಸದಾಗಿ ಫಾರ್ಮ್ಯಾಟ್ ಆದ ಲ್ಯಾಪ್‌ಟಾಪು, ಹೊಸ ಸಿಮ್ಮು, ಬೇರೆ ನೆಟ್‌ವರ್ಕು, ಪದೇ ಪದೇ ಪ್ರಯತ್ನ. ದೂರದಿಂದ ನೋಡಿದರೆ ನಾನೂ ನನ್ನನ್ನು ನಂಬುತ್ತಿರಲಿಲ್ಲ. ಮನವಿ ಹಾಕುವುದಿದ್ದರೆ ಮನೆಯ ವೈಫೈಯಿಂದ, ಹಿಂದೆ ಲಾಗಿನ್ ಆಗಿದ್ದ ಸಾಧನದಿಂದ, ಒಂದೇ ಸಲ ಹಾಕಿ.

ಗುರುವಾರ, ಶುಕ್ರವಾರ ತಂತ್ರಗಳ ಸರದಿ. ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಾಕಿದೆ, ಚಾರ್ಜ್ ಆಯಿತು, ಫೈಲು ಕಾಣಲಿಲ್ಲ. ‘ಫೈಲ್ ವರ್ಗಾವಣೆ’ ಅಂತ ಫೋನಿನಲ್ಲೇ ಆರಿಸಬೇಕು, ಅದೂ ಅನ್‌ಲಾಕ್ ಆದ ಮೇಲೆ. ಫೋನಿನ ಸ್ಕ್ರೀನನ್ನು ಕಂಪ್ಯೂಟರಿನಲ್ಲಿ ತೋರಿಸುವ ಸಾಫ್ಟ್‌ವೇರ್ ಹಾಕಿದೆ, ಅದಕ್ಕೆ ಯುಎಸ್‌ಬಿ ಡೀಬಗಿಂಗ್ ಅನ್ನೋ, ಕಂಪ್ಯೂಟರಿನಿಂದ ಫೋನನ್ನು ನಡೆಸಲು ಬಿಡುವ ಸೆಟ್ಟಿಂಗ್ ಮೊದಲೇ ಆನ್ ಆಗಿರಬೇಕು. ನನ್ನದು ಆಫ್. ಟಿವಿಗೆ ಹಾಕೋಣ ಅಂತ ಎಚ್‌ಡಿಎಂಐ ಇರುವ ಹಬ್ ತಂದೆ, ಫೋನಿನ ಒಂದೇ ಕಿಂಡಿಗೆ ಸಿಕ್ಕಿಸಿ ಹಲವು ಸಾಧನ ಜೋಡಿಸುವ ಡಬ್ಬಿ ಅದು. ಟೈಪ್-ಸಿ ಇದ್ದ ಮಾತ್ರಕ್ಕೆ ಎಲ್ಲ ಫೋನೂ ವಿಡಿಯೊ ಹೊರಗೆ ಕಳಿಸುವುದಿಲ್ಲ, ಕೆಲವಕ್ಕೆ ಮಾತ್ರ ಆ ಸೌಲಭ್ಯ. ನನ್ನದಕ್ಕೆ ಇಲ್ಲ. ಕೊಳ್ಳುವ ಮುಂಚೆ ನೋಡಬೇಕಿತ್ತು, ಹಬ್‌ಗೆ ಕೊಟ್ಟ ದುಡ್ಡು ದಂಡ ಅಂದುಕೊಂಡೆ. ಆದರೆ ಅದೇ ಹಬ್ ಆಮೇಲೆ ಕೈಹಿಡಿಯಿತು.

ಶುಕ್ರವಾರ ಊಟದ ಹೊತ್ತಿನಲ್ಲಿ ಈ ಗೋಳನ್ನೆಲ್ಲ ಹೇಳುತ್ತಿದ್ದೆ. ನಮ್ಮ ತಂಡದಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಗೆಳೆಯರೊಬ್ಬರಿದ್ದಾರೆ. ಪೂರ್ತಿ ಕೇಳಿಸಿಕೊಂಡು, ‘ಸ್ಪೀಕರ್ ಸರಿ ಇದೆಯಾ?’ ಅಂದರು. ಇದೆ ಅಂದೆ. ‘ಹಾಗಾದ್ರೆ ಫೋನಿಗೆ ಏನಾಗಿದೆ?’ ಅಂದರು.

ಅವರ ಪ್ರಶ್ನೆ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ದಿನವೂ ಫೋನ್ ಬಳಸುವುದು ಟಾಕ್‌ಬ್ಯಾಕ್‌ನಲ್ಲಿ. ಸ್ಕ್ರೀನಿನಲ್ಲಿ ಏನಿದೆ ಅನ್ನುವುದನ್ನು ಆಂಡ್ರಾಯ್ಡ್ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಅದು. ಅವರ ಫೋನಿನ ಬೆಳಕು ಯಾವಾಗಲೂ ಸೊನ್ನೆಯಲ್ಲೇ ಇರುತ್ತದೆ. ಬ್ಯಾಟರಿ ಉಳಿಯುತ್ತೆ ಅಂತಾರೆ.

ಶನಿವಾರ ಬೆಳಿಗ್ಗೆ ಮನೆಗೆ ಬಂದರು. ಮನೆಯಲ್ಲೇ ಯಾಕೆ ಅಂದರೆ ಸತ್ತ ಫೋನಿಗೆ ಗೊತ್ತಿದ್ದಿದ್ದು ಮನೆಯ ವೈಫೈ ಒಂದೇ, ಹಳೇ ಇ-ಸಿಮ್ ಹೊಸ ಸಿಮ್ ಬಂದ ಮೇಲೆ ನಿಂತುಹೋಗಿತ್ತು. ಹಬ್‌ಗೆ ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ಫೋನಿಗೆ ಜೋಡಿಸಿದೆವು. ಸ್ಪೇಸ್ ಒತ್ತಿ ಎಬ್ಬಿಸಿ, ಪಿನ್ ಟೈಪ್ ಮಾಡಿ, ಎಂಟರ್. ಫೋನ್ ಸಣ್ಣಗೆ ನಡುಗಿತು. ತಪ್ಪಾಯಿತು ಅಂತ ಅರ್ಥ. ನಂಬರ್ ಲಾಕ್ ಆಫ್ ಇತ್ತು ಅನ್ನಿಸುತ್ತೆ, ಮೇಲಿನ ಸಾಲಿನ ಅಂಕಿಗಳಲ್ಲಿ ಹಾಕಿದೆ. ಈ ಸಲ ನಡುಗಲಿಲ್ಲ. ಮೂರ್ನಾಲ್ಕು ಸೆಕೆಂಡ್ ಮೌನ, ಆಮೇಲೆ ಏಳು ದಿನದ ನೋಟಿಫಿಕೇಷನ್‌ಗಳೆಲ್ಲ ಒಟ್ಟಿಗೆ ಹೊಡೆಯಲು ಶುರುವಾದವು. ಟಿಂಗ್ ಟಿಂಗ್ ಟಿಂಗ್ ಅಂತ ನಿಲ್ಲುವುದೇ ಇಲ್ಲ. ಅಷ್ಟು ಒಳ್ಳೆ ಸದ್ದನ್ನು ನಾನು ಈಚೆಗೆ ಕೇಳಿರಲಿಲ್ಲ.

ಪ್ಯಾಟರ್ನ್ ಲಾಕ್ ಇಟ್ಟುಕೊಂಡವರಿಗೆ ಈ ದಾರಿ ಇಲ್ಲ, ಗಮನಿಸಿ. ಗೆರೆ ಎಳೆಯುವುದನ್ನು ಕೀಬೋರ್ಡಿನಲ್ಲಿ ಟೈಪ್ ಮಾಡೋಕೆ ಆಗಲ್ಲ. ನಾನು ಪಿನ್ ಇಟ್ಟಿದ್ದು ಬರೀ ಅದೃಷ್ಟ.

ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್ ಆಗಬೇಕು ಅಂದರು. ಆಗಲಿಲ್ಲ, ಆ ಶಾರ್ಟ್‌ಕಟ್ ನನ್ನ ಫೋನಿನಲ್ಲಿ ಆಫ್ ಇತ್ತು. ಪವರ್ ಗುಂಡಿ ಸ್ವಲ್ಪ ಒತ್ತಿ ಹಿಡಿದಾಗ, ಮಾತಿನಲ್ಲಿ ಹೇಳಿದ್ದನ್ನು ಮಾಡುವ ಅಸಿಸ್ಟೆಂಟ್ ಎದ್ದಿತು. ‘ಟರ್ನ್ ಆನ್ ಟಾಕ್‌ಬ್ಯಾಕ್’ ಅಂದರು. ಅಷ್ಟೇ, ಫೋನು ಮಾತಾಡಿತು. ಅಲ್ಲಿಂದ ಮುಂದೆ ಆಲ್ಟ್ ಜೊತೆ ಬಲ ಬಾಣದ ಗುರುತು ಒತ್ತಿದರೆ ಮುಂದಿನ ಐಟಂ, ಆಲ್ಟ್ ಜೊತೆ ಎಂಟರ್ ಒತ್ತಿದರೆ ಆಯ್ಕೆ. ಅವರು ಮೊದಲು ಮಾಡಿದ ಕೆಲಸ ಓದುವ ವೇಗ ಹೆಚ್ಚಿಸಿದ್ದು. ನನಗೆ ಕೇಳಿಸುತ್ತಿದ್ದುದು ಚಕ್ರ ತಿರುಗಿದ ಹಾಗಿನ ಸದ್ದು, ಒಂದು ಪದವೂ ಗೊತ್ತಾಗುತ್ತಿಲ್ಲ. ಅವರು ಮಾತ್ರ ತಲೆ ವಾಲಿಸಿ, ‘ನಿಮ್ಮ ಆ್ಯಪ್‌ಗಳಿಗೆ ಒಂದು ಅಚ್ಚುಕಟ್ಟೇ ಇಲ್ಲವಲ್ಲ’ ಅಂತ ಬೈಯುತ್ತಾ ಅಥೆಂಟಿಕೇಟರ್ ತನಕ ತಲುಪಿದರು.

ನನಗೋಸ್ಕರ ವೇಗ ಇಳಿಸಿದರು. ಕೋಡ್ ಮಧ್ಯೆ ಒಂದು ಖಾಲಿ ಜಾಗ ಇರುತ್ತದಲ್ಲ, ಹಾಗಾಗಿ ಫೋನು ಅದನ್ನು ಅಂಕಿ ಅಂಕಿಯಾಗಿ ಓದುವುದಿಲ್ಲ. ‘ನಾನೂರ ಎಪ್ಪತ್ತೆರಡು, ಒಂಬೈನೂರ ಹದಿನೆಂಟು’ ಅನ್ನುವ ಧಾಟಿಯಲ್ಲಿ ಲೆಕ್ಕ ಒಪ್ಪಿಸುತ್ತದೆ. ಕೇಳಿ, ಮನಸ್ಸಿನಲ್ಲಿ ಬಿಡಿಸಿ, ಲ್ಯಾಪ್‌ಟಾಪಿನಲ್ಲಿ ಹಾಕುವಷ್ಟರಲ್ಲಿ ಮೊದಲನೇದು ಮುಗಿದಿತ್ತು. ಈ ಕೋಡ್‌ಗಳು 30 ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಫೋನಿನಲ್ಲಿರುವ ಗುಟ್ಟಿನ ಕೀಲಿ, ಆ ಕ್ಷಣದ ಸಮಯ, ಇವೆರಡನ್ನೂ ಸೇರಿಸಿ ಹುಟ್ಟಿಸುವ ಅಂಕಿ, ಇಂಟರ್‌ನೆಟ್ ಕೂಡ ಬೇಕಿಲ್ಲ. ಗಡಿಯಾರ ಸರಿ ಇದ್ದರೆ ಸಾಕು. ಎರಡನೇದು ತಪ್ಪು ಟೈಪ್ ಮಾಡಿದೆ, ಕೈ ನಡುಗುತ್ತಿತ್ತು. ಮೂರನೇ ಸಲ ಅವರೇ ಕೇಳಿ ಬಿಡಿ ಅಂಕಿಗಳಾಗಿ ಹೇಳಿದರು, ನಾನು ಒತ್ತಿದೆ. ಪುಟ ಒಂದು ಸುತ್ತು ತಿರುಗಿ ಇನ್‌ಬಾಕ್ಸ್ ತೆರೆಯಿತು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಆ ಆ್ಯಪ್‌ನಲ್ಲಿ ಒಟ್ಟು 11 ಖಾತೆಗಳಿದ್ದವು. ಬೇರೆ ಫೋನಿಗೆ ಒಟ್ಟಿಗೇ ಸಾಗಿಸಲು ಆ ಆ್ಯಪ್ ಇರುವ ಫೋನಿನ ಸ್ಕ್ರೀನಿನಲ್ಲಿ ಬರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಬೇಕು. ಸ್ಕ್ರೀನೇ ಇಲ್ಲ. ಹಾಗಾಗಿ ಒಂದೊಂದೇ ಖಾತೆಗೆ ಹೋಗಿ, ಕೋಡ್ ಕೇಳಿಸಿಕೊಂಡು ಲಾಗಿನ್ ಆಗಿ, ಎರಡನೇ ಹಂತದ ಬೀಗ ತೆಗೆದು, ಹಳೇ ಫೋನಿನಲ್ಲಿ ಹೊಸದಾಗಿ ಹಾಕಿಕೊಂಡೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಪೂರ್ತಿ ಅದೇ. ಈಚೆಗೆ ಈ ಕೀಲಿಗಳನ್ನು ಖಾತೆಗೇ ಸಿಂಕ್ ಮಾಡಿಡುವ ಅವಕಾಶ ಕೆಲವು ಆ್ಯಪ್‌ಗಳಲ್ಲಿದೆ, ಗೂಗಲ್ ಅಥೆಂಟಿಕೇಟರ್‌ಗೆ ಅದು ಬಂದಿದ್ದು 2023ರ ಏಪ್ರಿಲ್‌ನಲ್ಲಿ. ನಾನು ಬಳಸುತ್ತಿದ್ದುದು ಬೇರೆ ಆ್ಯಪ್, ಅದರಲ್ಲೂ ಬ್ಯಾಕಪ್ ಇತ್ತು, ಆನ್ ಮಾಡಿರಲಿಲ್ಲ. ಸಿಂಕ್ ಇಟ್ಟುಕೊಂಡರೂ ಆ ಖಾತೆಯ ಸ್ವಂತ ಕೋಡ್ ಅದೇ ಆ್ಯಪ್‌ನೊಳಗೆ ಮಾತ್ರ ಇದ್ದರೆ ನನ್ನ ಗತಿಯೇ, ಅದೊಂದು ಕೋಡಿಗೆ ಬೇರೆ ದಾರಿ ಇಟ್ಟುಕೊಳ್ಳಿ.

ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ತೆಗೆದು ಪ್ರಿಂಟ್ ಹಾಕಿದೆ. ಹೊಸ ಪಟ್ಟಿ ತೆಗೆದ ಕೂಡಲೇ ಹಳೇ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ಎರಡನ್ನೂ ಒಟ್ಟಿಗೆ ಇಟ್ಟು ಗೊಂದಲ ಮಾಡಿಕೊಳ್ಳಬೇಡಿ. ಒಂದು ಪ್ರತಿ ಅಮ್ಮನ ಹತ್ತಿರ ಇದೆ. ಏನು ಅಂತ ಕೇಳಿದರು, ಬೀಗದ ಕೈ ಅಂದೆ, ಪಾಸ್‌ಪೋರ್ಟ್ ಜೊತೆ ಇಟ್ಟರು.

ಸೋಮವಾರ ಫೋಟೊಗಳು. ಟಾಕ್‌ಬ್ಯಾಕ್‌ನಲ್ಲೇ ನೋಟಿಫಿಕೇಷನ್ ತನಕ ಹೋಗಿ ‘ಫೈಲ್ ವರ್ಗಾವಣೆ’ ಆರಿಸುವುದನ್ನು ಗೆಳೆಯರು ಕಾಲ್ ಮಾಡಿ ಹೇಳಿಕೊಟ್ಟರು. ಈ ಸಲ ನಾನೇ ಮಾಡಿದೆ, ಇಪ್ಪತ್ತು ನಿಮಿಷ ಹಿಡಿಯಿತು, ಅವರಿಗಾದರೆ ಅರ್ಧ ನಿಮಿಷ. ಕಣ್ಣು ಮುಚ್ಚಿಕೊಂಡರೆ ಬೇಗ ಆಗುತ್ತದೆ ಅಂತ ಅರ್ಧ ದಾರಿಯಲ್ಲಿ ಗೊತ್ತಾಯಿತು. ಕಪ್ಪು ಸ್ಕ್ರೀನನ್ನು ದಿಟ್ಟಿಸುತ್ತಾ ಕೂತರೆ ಕಿವಿ ಕೆಲಸ ಮಾಡುವುದಿಲ್ಲ. ಫೋಟೊ ಎಲ್ಲ ಬಂದವು. ವಾಟ್ಸ್ಆ್ಯಪ್ ಚಾಟ್‌ಗಳೂ ಬಂದವು, ಬಿದ್ದ ದಿನ ಬೆಳಗಿನ ಜಾವದ ಬ್ಯಾಕಪ್ ತನಕ. ಬಿಲ್ಲೂ ಸಿಕ್ಕಿತು.

ಮಂಗಳವಾರ ಆ ಬಿಲ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗಿ, ಅದೇ ಫಾರಂಗೆ ಓದದೆ ಸಹಿ ಹಾಕಿದೆ. ಅಳಿಸಿದರೆ ಅಳಿಸಲಿ.

ಬುಧವಾರ ಬೆಳಿಗ್ಗೆ, ಲೆಕ್ಕಕ್ಕೆ ಹನ್ನೊಂದನೇ ದಿನ, ಮರೆತಿದ್ದ ಆ ಇನ್ನೊಂದು ಮೇಲ್ ವಿಳಾಸಕ್ಕೆ ಉತ್ತರ ಬಂದಿತ್ತು. ಮನವಿಯನ್ನು ಪರಿಶೀಲಿಸಿದ್ದಾರೆ. ಖಾತೆ ನನ್ನದೇ ಅಂತ ಖಾತ್ರಿ ಮಾಡಿಕೊಳ್ಳಲು ಅವರಿಗೆ ಆಗಲಿಲ್ಲವಂತೆ. ಪಕ್ಕದ ಟ್ಯಾಬ್‌ನಲ್ಲಿ ಅದೇ ಖಾತೆ ತೆರೆದೇ ಇತ್ತು, ಇದೇ ಬರಹವನ್ನು ಡ್ರಾಫ್ಟ್ ಅಂತ ಅಲ್ಲಿ ಉಳಿಸುತ್ತಿದ್ದೆ.